ಹಳೆಯ ಮೋಟಾರಿನ ಜನ್ಮವರ್ಷ

ಮನುಷ್ಯರ ವಯಸ್ಸನ್ನು ಕೇಳುವುದು ಶಿಷ್ಟಾಚಾರವಲ್ಲವೆಂದು ಹಿರಿಯರು ಹೇಳುವುದುಂಟು. ಆದರೆ ಮೋಟಾರಿನ ವಯಸ್ಸನ್ನು ಕೇಳದೆ ಅದನ್ನು ಕೊಳ್ಳುವುದಾಗಲಿ ಮಾರುವುದಾಗಲಿ ವಿವೇಕವೆನಿಸಲಾರದು. ನಮ್ಮ ನಾಡಿನ ಕೆಲವು ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಮಗ್ಗುಲಲ್ಲೋ ಸೌದೆಯ ಕೊಟ್ಟಡಿಯಲ್ಲೋ ಗೋಣಿತಟ್ಟು ಹೊದ್ದು ನಿಂತ ಮುತ್ತಾತನ ಕಾಲದ ಮೋಟಾರೊಂದು ಈಗಲೂ ಕಾಣಸಿಗುವುದು. ಅದು ಯಾವ ಇಸವಿಯದೆಂದು ಕೇಳಿ ನೋಡಿರಿ. ಮನೆಯ ಅಜ್ಜಿಯು ಯಾರದೋ ಮದುವೆಯ ಲೆಕ್ಕ ಹಿಡಿದು ಒಂದು ವರ್ಷವನ್ನು ಹೇಳುವರು. ಮಗನು ರಿಜಿಸ್ಟ್ರೇಷನ್ ಪುಸ್ತಕವನ್ನು ತೆಗೆದು ಮತ್ತೊಂದನ್ನು ತೋರಿಸುವನು. ಕೊಳ್ಳಲು ಬಂದ ದಲ್ಲಾಳಿಯು ತನ್ನ ಅನುಕೂಲಕ್ಕೆ ತಕ್ಕಂತೆ ಮೂರನೆಯದನ್ನು ಸಾಧಿಸುವನು. ಈ ಮೂವರಲ್ಲಿ ಯಾರನ್ನು ನಂಬಬೇಕು? ಈ ತಿಂಗಳು ಅದನ್ನೇ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಇಸವಿಯೊಂದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವುಂಟು. ನಮ್ಮ ದೇಶದಲ್ಲಿ ೨೦೨೧ರಲ್ಲಿ ಬಂದ ನಿಯಮದ ಪ್ರಕಾರ, ಮೊದಲ ರಿಜಿಸ್ಟ್ರೇಷನ್ ಆದಂದಿನಿಂದ ಐವತ್ತು ವರ್ಷ ಕಳೆದ, ಮೂಲರೂಪವನ್ನು ಕಾಪಾಡಿಕೊಂಡಿರುವ ವಾಹನವು ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರುವುದು. ಅದರ ನಂಬರಿನಲ್ಲಿ ‘ವಿ ಎ’ ಎಂಬ ಎರಡು ಅಕ್ಷರಗಳು ಬರುವುವು. ವರ್ಷವು ತಪ್ಪಾದರೆ ವರ್ಗವೂ ತಪ್ಪುವುದು. ಇಂಗ್ಲೆಂಡಿನಲ್ಲಿ ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಕಾರುಗಳ ಯಾತ್ರೆಯೊಂದು ಹೊರಡುವುದು. ೧೮೯೬ರ ನವೆಂಬರ್ ೧೪ರಂದು ನಡೆದ ಮೊದಲ ಯಾತ್ರೆಯ ಸ್ಮಾರಕವದು. ೧೯೦೫ನೆಯ ಜನವರಿ ೧ಕ್ಕೆ ಮುಂಚೆ ತಯಾರಾದ ಕಾರುಗಳು ಅದಕ್ಕೆ ಅರ್ಹ. ಡಿಸೆಂಬರಿನ ಕಾರು ಒಳಗೆ, ಜನವರಿಯ ಕಾರು ಹೊರಗೆ! ಇಂತಹ ಕಾರುಗಳ ವಯಸ್ಸನ್ನು ನಿರ್ಣಯಿಸುವ ಕೆಲಸವನ್ನು ೧೯೩೦ರಲ್ಲಿ ಸ್ಥಾಪಿತವಾದ ಅಲ್ಲಿಯ ವೆಟರನ್ ಕಾರ್ ಕ್ಲಬ್ಬಿನವರು ಒಂದು ಶಾಸ್ತ್ರದಂತೆಯೇ ಬೆಳೆಸಿದ್ದಾರೆ. ಬೆಲೆಯ ಮಾತನ್ನಂತೂ ಹೇಳಬೇಕಾದುದಿಲ್ಲ. ವರ್ಷ ಹಿಂದಕ್ಕೆ ಸರಿದಷ್ಟೂ ರೂಪಾಯಿ ಮುಂದಕ್ಕೆ ಸರಿಯುವುದು. ಹಣ ಇರುವೆಡೆಯಲ್ಲಿ ಸುಳ್ಳಿಗೂ ಒಂದು ಮಣೆ ಇದ್ದೇ ಇರುವುದಷ್ಟೆ.

ಮೊದಲು ಒಂದು ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳಬೇಕು. ಮೋಟಾರಿನ ಹುಟ್ಟು ಎಂದರೆ ಯಾವುದು? ಮಗುವಿಗೆ ಜನ್ಮಮುಹೂರ್ತ ಒಂದೇ, ಮೋಟಾರಿಗೆ ಹಾಗಲ್ಲ. ಎಂಜಿನ್ನಿನ ಬ್ಲಾಕನ್ನು ಎರಕ ಹೊಯ್ದ ದಿನ ಒಂದು. ಎಂಜಿನ್ನು ಸಿದ್ಧವಾಗಿ ಅದರ ಮೇಲೆ ನಂಬರು ಒತ್ತಿದ ದಿನ ಇನ್ನೊಂದು. ಚೌಕಟ್ಟಿನ ಮೇಲೆ ಎಂಜಿನ್ನನ್ನೂ ಚಕ್ರಗಳನ್ನೂ ಮೈಕಟ್ಟನ್ನೂ ಜೋಡಿಸಿದ ದಿನ ಮತ್ತೊಂದು. ಆಮೇಲೆ ಕಾರ್ಖಾನೆಯಿಂದ ಹೊರಟ ದಿನ, ಹಡಗಿನಿಂದ ಇಳಿದ ದಿನ, ಅಂಗಡಿಯಲ್ಲಿ ಮಾರಾಟವಾದ ದಿನ, ಸರ್ಕಾರದ ಪುಸ್ತಕದಲ್ಲಿ ದಾಖಲಾದ ದಿನ. ಇವುಗಳಲ್ಲಿ ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ ಕೆಲವು ವಾರಗಳೂ ಇರಬಹುದು, ಒಂದೆರಡು ವರ್ಷಗಳೂ ಇರಬಹುದು. ಆದುದರಿಂದ ಒಂದೇ ಕಾರಿನ ವಿಷಯದಲ್ಲಿ ಇಬ್ಬರು ಎರಡು ಇಸವಿಗಳನ್ನು ಹೇಳಿದರೆ ಒಬ್ಬನು ಸುಳ್ಳುಗಾರನಾಗಿಯೇ ಇರಬೇಕೆಂದಿಲ್ಲ. ಒಬ್ಬನು ಜನನವನ್ನು ಹೇಳುತ್ತಿರುವನು, ಇನ್ನೊಬ್ಬನು ನಾಮಕರಣವನ್ನು ಹೇಳುತ್ತಿರುವನು.

ಅದರಲ್ಲಿಯೂ ಸರ್ಕಾರದ ದಾಖಲೆಯ ದಿನವನ್ನು ಹುಟ್ಟಿದ ದಿನವೆಂದು ತಿಳಿಯುವುದು ಎಲ್ಲರಲ್ಲಿಯೂ ಕಂಡುಬರುವ ಭ್ರಾಂತಿ. ನಾವು ಮೂವತ್ತಕ್ಕೂ ಮಿಕ್ಕ ವರ್ಷ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದವರು. ಅದರ ಹಳೆಯ ಪುಟಗಳನ್ನು ತಿರುವಿದರೆ ತರಗತಿಯ ಅರ್ಧ ಮಕ್ಕಳು ಜೂನ್ ತಿಂಗಳಲ್ಲಿಯೇ ಹುಟ್ಟಿದಂತೆ ತೋರುವುದು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೋಗಬೇಕಲ್ಲವೆ? ರಿಜಿಸ್ಟ್ರೇಷನ್ ಪುಸ್ತಕದ ಸ್ವಭಾವವೂ ಇದರಂತೆಯೇ. ಅದು ಸುಳ್ಳು ದಾಖಲೆಯಲ್ಲ. ತನಗೆ ಬೇಕಾದ ಸಂಗತಿಯನ್ನು ಮಾತ್ರ ಹೇಳುವ ದಾಖಲೆ. ಒಡೆಯರು ಬದಲಾದಾಗ, ಒಂದು ಪ್ರಾಂತದಿಂದ ಮತ್ತೊಂದಕ್ಕೆ ವಾಹನವು ಹೋದಾಗ, ಮೂಲ ಪುಸ್ತಕ ಕಳೆದು ನಕಲನ್ನು ಪಡೆದಾಗ, ಹೊಸ ಗುಮಾಸ್ತರ ಕೈಯಲ್ಲಿ ಹಳೆಯ ಇಸವಿಯು ಹೊಸದಾಗುವ ಸಂಭವವು ಹೆಚ್ಚು.

ಹಾಗಾದರೆ ನಿಜವನ್ನು ತಿಳಿಯುವ ದಾರಿ ಯಾವುದು? ನಮ್ಮ ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಈ ನಾಲ್ಕೂ ಮೋಟಾರಿನ ವಿಷಯಕ್ಕೆ ಚೆನ್ನಾಗಿ ಒದಗುವುವು. ಲೋಹದ ಮೇಲೆ ಒತ್ತಿದ ನಂಬರನ್ನೂ ಎರಕದಲ್ಲಿ ಮೂಡಿದ ತಾರೀಖನ್ನೂ ಕಣ್ಣಾರೆ ನೋಡುವುದು ಪ್ರತ್ಯಕ್ಷ. ಇಂತಹ ದೀಪವಿರುವುದರಿಂದ ಇಂತಹ ವರ್ಷಕ್ಕಿಂತ ಹಿಂದಿನದಲ್ಲವೆಂದು ಊಹಿಸುವುದು ಅನುಮಾನ. ವರ್ಷವು ನಿಶ್ಚಿತವಾಗಿ ತಿಳಿದಿರುವ ಇನ್ನೊಂದು ಕಾರಿನ ಪಕ್ಕದಲ್ಲಿಟ್ಟು ಹೋಲಿಸುವುದನ್ನು ಸ್ಥೂಲವಾಗಿ ಉಪಮಾನವೆನ್ನಬಹುದು. ಕಾರ್ಖಾನೆಯ ಕಡತ, ರಸೀದಿ, ಮನೆಯ ಲೆಕ್ಕದ ಪುಸ್ತಕ, ಹಿರಿಯರ ಮಾತು ಇವೆಲ್ಲವೂ ಶಬ್ದಪ್ರಮಾಣ.

ಶಾಸನಗಳನ್ನು ಓದುವವರೂ ಇದೇ ಹಾದಿಯಲ್ಲಿ ನಡೆದವರು. ಬಾದಾಮಿಯ ಬಂಡೆಯ ಮೇಲಿರುವ ಮೊದಲನೆಯ ಪುಲಕೇಶಿಯ ಶಾಸನದಲ್ಲಿ ಶಕವರ್ಷ ೪೬೫ ಎಂದು ತಾನೇ ಹೇಳಿಕೊಂಡಿದೆ, ಅಂದರೆ ಕ್ರಿ.ಶ. ೫೪೩. ಹಲ್ಮಿಡಿಯ ಶಾಸನದಲ್ಲಿ ಕಾಲವನ್ನು ಹೇಳಿಲ್ಲ. ವಿದ್ವಾಂಸರು ಅಕ್ಷರಗಳ ರೂಪವನ್ನು ನೋಡಿ ಅದು ೪೫೦ರ ಸುಮಾರಿನದೆಂದು ನಿರ್ಣಯಿಸಿದರು. ಇನ್ನು ಗಂಗರ ಹೆಸರಿನ ಕೆಲವು ತಾಮ್ರಪಟಗಳಲ್ಲಿ ಕಾಲವನ್ನು ಬರೆದಿದ್ದರೂ ಅವು ಕೂಟಶಾಸನಗಳೆಂದು ಫ್ಲೀಟ್ ಮಹಾಶಯರು ವಾದಿಸಿದರು. ಬರೆದಿದ್ದೆಲ್ಲ ದಿಟವಲ್ಲ, ಬರೆಯದಿದ್ದುದೆಲ್ಲ ತಿಳಿಯಲಾಗದುದೂ ಅಲ್ಲ ಎಂಬ ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಸಿದ್ಧವಾದ ಕಾರನ್ನು ಪರೀಕ್ಷಿಸೋಣ.

ಆ ಕಾರು ಅಮೆರಿಕದ ಹೆನ್ರಿ ಫೋರ್ಡನ ‘ಟಿ’ ಮಾದರಿ. ಅದರ ಮೊದಲನೆಯ ಗಾಡಿಯು ಡೆಟ್ರಾಯಿಟ್ ನಗರದಲ್ಲಿ ೧೯೦೮ರ ಸೆಪ್ಟೆಂಬರಿನಲ್ಲಿ ಸಿದ್ಧವಾಯಿತು. ೧೯೨೭ರ ಮೇ ೨೬ರಂದು ಒಂದೂವರೆ ಕೋಟಿಯ ಗಾಡಿಯು ಹೊರಬಿದ್ದು ಆ ಮಾದರಿಗೆ ಮಂಗಳ ಹಾಡಲಾಯಿತು. ಹತ್ತೊಂಬತ್ತು ವರ್ಷ ಒಂದೇ ಹೆಸರು, ಮೇಲ್ನೋಟಕ್ಕೆ ಒಂದೇ ರೂಪ. ಆದರೆ ಒಳಗಿನ ವಿವರಗಳು ವರ್ಷವರ್ಷಕ್ಕೂ ಬದಲಾಗುತ್ತ ಹೋದುವು. ಆದುದರಿಂದ ವಯಸ್ಸನ್ನು ಕಂಡುಹಿಡಿಯುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವು ದೊರೆಯಲಾರದು.

ಮೊದಲು ಪ್ರತ್ಯಕ್ಷ. ಈ ಕಾರಿಗೆ ಬಹುಕಾಲ ಎಂಜಿನ್ನಿನ ನಂಬರೇ ಕಾರಿನ ನಂಬರಾಗಿದ್ದಿತು. ಚೌಕಟ್ಟಿಗೆ ಬೇರೆ ನಂಬರನ್ನು ಒತ್ತುವ ಪದ್ಧತಿಯು ಬಂದುದು ಕಡೆಯ ಒಂದೆರಡು ವರ್ಷಗಳಲ್ಲಿ. ಎಂಜಿನ್ನಿನ ಎಡಮಗ್ಗುಲಲ್ಲಿ, ನೀರು ಒಳಹೋಗುವ ಕೊಳವೆಯ ಮೇಲ್ಗಡೆ, ಚಪ್ಪಟೆಯಾದ ಒಂದು ಉಬ್ಬಿನ ಮೇಲೆ ಈ ನಂಬರು ಇರುವುದು. ಮಣ್ಣು ಜಿಡ್ಡುಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರೆ ಕಾಣಿಸುವುದು. ೧೯೧೫ರ ಡಿಸೆಂಬರಿನಲ್ಲಿ ಈ ಎಣಿಕೆಯು ಹತ್ತು ಲಕ್ಷವನ್ನು ಮುಟ್ಟಿತು. ಯಾವ ತಿಂಗಳಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂಜಿನ್ನುಗಳು ತಯಾರಾದುವೆಂಬ ಪಟ್ಟಿಗಳು ಉಳಿದಿರುವುದರಿಂದ, ನಂಬರು ದೊರೆತರೆ ತಿಂಗಳನ್ನು ಕಂಡುಹಿಡಿಯಬಹುದು. ಇದಲ್ಲದೆ ಬ್ಲಾಕಿನ ಮೈಮೇಲೆ ಎರಕದಲ್ಲಿಯೇ ಮೂಡಿದ ತಾರೀಖೂ ಸಾಮಾನ್ಯವಾಗಿ ಇರುವುದು. ಇಲ್ಲಿ ನಮ್ಮವರು ಎಚ್ಚರವಾಗಿರಬೇಕು. ಅಮೆರಿಕದವರು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುವರು. ‘೫-೧೨-೨೨’ ಎಂದಿದ್ದರೆ ಅದು ೧೯೨೨ರ ಮೇ ತಿಂಗಳ ಹನ್ನೆರಡನೆಯ ದಿನ. ನಮ್ಮ ರೂಢಿಯಂತೆ ಡಿಸೆಂಬರ್ ಐದೆಂದು ಓದಿದರೆ ಏಳು ತಿಂಗಳ ವ್ಯತ್ಯಾಸವು ಬಂದೀತು.

ನಂಬರೂ ಎರಕದ ತಾರೀಖೂ ಒಂದಕ್ಕೊಂದು ಸಾಕ್ಷಿಗಳು. ಎರಕವಾದ ಸ್ವಲ್ಪ ಕಾಲಕ್ಕೆ ನಂಬರು ಬಿದ್ದಿದ್ದರೆ ಸರಿ. ನಂಬರು ೧೯೧೪ನ್ನು ಹೇಳಿ ಎರಕವು ೧೯೨೨ನ್ನು ಹೇಳಿದರೆ? ಆಗ ಯಾರೂ ಮೋಸಮಾಡಿದರೆಂದು ಒಡನೆಯೇ ಕೂಗಬೇಕಾದುದಿಲ್ಲ. ಬ್ಲಾಕು ಸೀಳಿಹೋದಾಗ ಅಂಗಡಿಯವರು ನಂಬರಿಲ್ಲದ ಹೊಸ ಬ್ಲಾಕನ್ನು ತರಿಸಿ, ಕಾಗದಪತ್ರಗಳಿಗೆ ಹೊಂದುವಂತೆ ಹಳೆಯ ನಂಬರನ್ನೇ ಅದರ ಮೇಲೆ ಒತ್ತುವ ಪದ್ಧತಿಯಿದ್ದಿತು. ಆದರೆ ಅದೇ ಉಳಿಯನ್ನು ಹಿಡಿದು ಇಂದಿನವರೂ ತಮಗೆ ಬೇಕಾದ ನಂಬರನ್ನು ಒತ್ತಬಲ್ಲರೆಂಬುದನ್ನು ಮರೆಯಬಾರದು. ಕಬ್ಬಿಣದ ಶಾಸನದಲ್ಲಿಯೂ ಕೂಟಶಾಸನವುಂಟು.

ಇನ್ನು ಅನುಮಾನ. ಮೊದಲ ಎರಡೂವರೆ ಸಾವಿರ ಗಾಡಿಗಳಿಗೆ ಮಾತ್ರ ನೀರನ್ನು ತಳ್ಳುವ ಪಂಪು ಇದ್ದಿತು. ಆಮೇಲೆ ಕಾದ ನೀರು ತಾನಾಗಿ ಮೇಲೇರಿ ತಣ್ಣಗಾಗಿ ಇಳಿಯುವ ಏರ್ಪಾಡು ಬಂದಿತು. ೧೯೧೪ನೆಯ ಮಾದರಿಯವರೆಗೆ ಮುಂದಿನ ದೀಪಗಳು ಕಾರ್ಬೈಡಿನ ಅನಿಲದಿಂದ ಉರಿಯುತ್ತಿದ್ದುವು. ೧೯೧೫ರ ಮಾದರಿಯಿಂದ ವಿದ್ಯುದ್ದೀಪಗಳು ಬಂದುವು. ಅವುಗಳಿಗೆ ಶಕ್ತಿಯು ಎಂಜಿನ್ನಿನ ಮ್ಯಾಗ್ನೆಟೋದಿಂದ ಬರುತ್ತಿದ್ದುದರಿಂದ ಗಾಡಿಯು ನಿಧಾನವಾದೊಡನೆ ದೀಪವೂ ಮಂಕಾಗುತ್ತಿದ್ದಿತು! ಬಂಗಾರದಂತೆ ಹೊಳೆಯುವ ಹಿತ್ತಾಳೆಯ ರೇಡಿಯೇಟರು ೧೯೧೬ರ ಮಾದರಿಗೆ ಮುಗಿಯಿತು. ಅನಂತರದವುಗಳಿಗೆ ಕಪ್ಪು ಬಣ್ಣದ ಕವಚ. ಕೈಯಿಂದ ತಿರುಗಿಸದೆ ವಿದ್ಯುತ್ತಿನಿಂದ ಹೊರಡಿಸುವ ಸ್ಟಾರ್ಟರೂ, ಅದರೊಡನೆ ಡೈನಮೋ ಕೂಡಿಸಲು ತಕ್ಕಂತೆ ಎರಕ ಹೊಯ್ದ ಬ್ಲಾಕೂ, ಬಿಚ್ಚಿ ಹಾಕಬಹುದಾದ ಚಕ್ರದ ಬಳೆಗಳೂ ೧೯೧೯ರಲ್ಲಿ ಬಂದುವು. ೧೯೨೬ರ ಮಾದರಿಯಲ್ಲಿ ಮೈಕಟ್ಟೇ ಬದಲಾಗಿ, ತೆರೆದ ಗಾಡಿಗಳಲ್ಲಿ ಪೆಟ್ರೋಲಿನ ಟಾಂಕಿಯು ಮುಂದಿನ ಆಸನದ ಕೆಳಗಿನಿಂದ ಎಂಜಿನ್ನಿನ ಹಿಂಭಾಗಕ್ಕೆ ಹೋಯಿತು. ಬಣ್ಣದ ವಿಷಯದಲ್ಲಿ ಈ ಕಾರು ಎಂದೆಂದಿಗೂ ಕಪ್ಪೆಂದು ಜನರು ನಂಬಿದ್ದಾರೆ. ವಾಸ್ತವವಾಗಿ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು, ನೀಲಿ ಬಣ್ಣಗಳಿದ್ದುವು. ಕಪ್ಪೊಂದೇ ಆಗಿದ್ದುದು ೧೯೧೪ರಿಂದ ೧೯೨೫ರವರೆಗೆ.

‘ಮಾದರಿಯ ವರ್ಷ’ ಎಂಬುದೂ ಪಂಚಾಂಗದ ವರ್ಷವೂ ಒಂದೇ ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಅಮೆರಿಕದಲ್ಲಿ ಹೊಸ ಮಾದರಿಯು ಸಾಮಾನ್ಯವಾಗಿ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಹೊರಡುವುದು. ೧೯೧೬ರ ಸೆಪ್ಟೆಂಬರಿನಲ್ಲಿ ತಯಾರಾದ ಕಾರನ್ನು ೧೯೧೭ರ ಮಾದರಿಯೆಂದೇ ಕರೆಯುವರು. ಯುಗಾದಿಗೆ ವರ್ಷ ಬದಲಾಗುವ ನಮಗೆ ಇದು ವಿಚಿತ್ರವೆಂದು ತೋರಬಾರದು.

ಈಗ ನಮ್ಮ ದೇಶಕ್ಕೆ ಸಂಬಂಧಪಟ್ಟ ಮುಖ್ಯವಾದ ಮಾತು. ಇಂಡಿಯಾಕ್ಕೆ ಬಂದ ‘ಟಿ’ ಗಾಡಿಗಳು ಪ್ರಾಯಶಃ ಅಮೆರಿಕದವಲ್ಲ, ಕೆನಡಾದವು. ಬ್ರಿಟನ್ನನ್ನು ಬಿಟ್ಟು ಸಾಮ್ರಾಜ್ಯದ ಉಳಿದ ನಾಡುಗಳಿಗೆ ಫೋರ್ಡ್ ಕಾರುಗಳನ್ನು ಒದಗಿಸುವ ಹಕ್ಕು ಕೆನಡಾದ ಫೋರ್ಡ್ ಕಂಪನಿಗೆ ಇದ್ದಿತು. ಒಂಟಾರಿಯೋ ಪ್ರಾಂತದ ವಾಕರ್‌ವಿಲ್ ಎಂಬಲ್ಲಿಯ ಕಾರ್ಖಾನೆಯಿಂದ, ನಮ್ಮ ರಸ್ತೆಯ ಪದ್ಧತಿಗೆ ತಕ್ಕಂತೆ ಬಲಗಡೆಗೆ ಚುಕ್ಕಾಣಿಯನ್ನಿಟ್ಟು, ಅವನ್ನು ಹಡಗಿಗೆ ಹಾಕುತ್ತಿದ್ದರು. ಅವರು ೧೯೧೩ರ ಮೇ ತಿಂಗಳಿನಿಂದ ತಮ್ಮ ಎಂಜಿನ್ನುಗಳಿಗೆ ‘ಸಿ’ ಅಕ್ಷರವನ್ನು ಮುಂದಿಟ್ಟು, ಒಂದರಿಂದ ಪ್ರಾರಂಭಿಸಿ, ಬೇರೆಯ ಎಣಿಕೆಯನ್ನೇ ಇಟ್ಟುಕೊಂಡರು. ಕೆನಡಾದ ಉತ್ಪತ್ತಿಯು ಅಮೆರಿಕದ್ದಕ್ಕಿಂತ ಎಷ್ಟೋ ಕಡಮೆ. ಆದುದರಿಂದ ಅಮೆರಿಕದ ಎಣಿಕೆಯು ಎಂದೋ ದಾಟಿಹೋಗಿದ್ದ ಸಂಖ್ಯೆಯನ್ನು ಕೆನಡಾದ ಎಣಿಕೆಯು ಅನೇಕ ವರ್ಷಗಳಾದ ಮೇಲೆ ಮುಟ್ಟುವುದು. ‘ಸಿ’ ಎಂಬ ಒಂದಕ್ಷರವನ್ನು ಬಿಟ್ಟು ಓದಿದರೆ ಕಾರು ಒಂದು ಗಳಿಗೆಯಲ್ಲಿ ಹತ್ತು ವರ್ಷ ಮುದಿಯಾಗಿಬಿಡುವುದು. ಒಂದು ಅಕ್ಷರಲೋಪದಿಂದ ಅರ್ಥವು ಕೆಡುವುದನ್ನು ವ್ಯಾಕರಣದಲ್ಲಿ ಕಂಡಿದ್ದೇವೆ. ಲೋಹದಲ್ಲಿಯೂ ಅದು ಹಾಗೆಯೇ.

ಇದು ಬರಿಯ ಊಹೆಯ ಮಾತಲ್ಲ. ಮಲೆನಾಡಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ಕಾಲದ ಹಿಂದೆ ಒಂದು ಸಮಸ್ಯೆಯನ್ನು ತಂದನು. ಅವರ ಮನೆಯಲ್ಲಿ ಈ ಜಾತಿಯ ಗಾಡಿಯೊಂದು ಇದ್ದಿತು. ಅಣ್ಣತಮ್ಮಂದಿರು ಪಾಲಾಗುವ ಸಮಯ. ಕೊಳ್ಳಲು ಬಂದವನೊಬ್ಬನು ಅದು ೧೯೧೪ರದೆಂದು ಬರೆದುಕೊಟ್ಟರೆ ಒಳ್ಳೆಯ ಬೆಲೆ ಕೊಡುವೆನೆಂದು ಹೇಳಿದ್ದನು. ಬರೆದುಕೊಡಲು ಅಣ್ಣನು ಸಿದ್ಧ, ತಮ್ಮನಿಗೆ ಅನುಮಾನ.

“ಮೇಷ್ಟ್ರೇ, ಮೂರು ಕಡೆಯಿಂದಲೂ ೧೯೧೪ ಅಂತಲೇ ಬರುತ್ತಿದೆ. ಆದರೂ ರುಜು ಹಾಕುವುದಕ್ಕೆ ನನಗೇಕೋ ಧೈರ್ಯ ಸಾಲದು. ಪುಸ್ತಕದಲ್ಲಿ ನೋಡಿದರೆ ೧೯೩೮ ಅಂತಿದೆ” ಎಂದನು.

ಮೂರು ಸಾಕ್ಷಿಗಳು ಯಾವುವೆಂದು ವಿಚಾರಿಸಿದೆವು. ಮೊದಲನೆಯದು ಮನೆತನದ ಮಾತು: ಆನಂದ ಸಂವತ್ಸರದಲ್ಲಿ ಮುತ್ತಜ್ಜಿಯ ಮದುವೆಯ ದಿಬ್ಬಣವು ಮೋಟಾರಿನಲ್ಲಿ ಬಂದಿತೆಂದು ಅವರ ಅಜ್ಜಿಯು ಹೇಳುತ್ತಿದ್ದರಂತೆ. ಆನಂದವೆಂದರೆ ೧೯೧೪-೧೫. ಎರಡನೆಯದು ಹಿತ್ತಾಳೆಯ ರೇಡಿಯೇಟರು. ಮೂರನೆಯದು ಎಂಜಿನ್ನಿನ ನಂಬರು. ಪಟ್ಟಿಯಲ್ಲಿ ನೋಡಿದರೆ ಅದು ೧೯೧೪ಕ್ಕೆ ಬೀಳುವುದೆಂದು ಕೊಳ್ಳುವವನೇ ತೋರಿಸಿದ್ದನು.

ಮೂವರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ನ್ಯಾಯಾಧೀಶರೂ ಒಪ್ಪಬಹುದು. ಆದರೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಪ್ರಶ್ನಿಸಬೇಕು. ವಿದ್ಯಾರ್ಥಿಯು ತಂದಿದ್ದ ಚಿತ್ರಗಳನ್ನು ಬೂದುಗಾಜಿನಲ್ಲಿ ನೋಡಿದಾಗ ನಂಬರಿನ ಮುಂದೆ ‘ಸಿ’ ಅಕ್ಷರವು ಸ್ಫುಟವಾಗಿ ಕಂಡಿತು. ಅಮೆರಿಕದ ಪಟ್ಟಿಯು ಅದಕ್ಕೆ ಅನ್ವಯಿಸಲಾರದು. ಒಬ್ಬ ಸಾಕ್ಷಿ ಹೋದನು. ರೇಡಿಯೇಟರು ನಾಲ್ಕು ಬೋಲ್ಟುಗಳ ಸಾಮಾನು. ಹಿತ್ತಾಳೆಯದು ಅಂದವೆಂದು ಆಮೇಲೆ ಹಾಕಿಸಿದವರು ಎಷ್ಟು ಮಂದಿಯಿಲ್ಲ! ಬಿಚ್ಚಿ ಹಾಕಬಹುದಾದ ವಸ್ತುವನ್ನು ಹೇತುವಾಗಿ ಇಟ್ಟುಕೊಂಡರೆ ಅದು ತರ್ಕಶಾಸ್ತ್ರದಲ್ಲಿ ಹೇಳುವ ವ್ಯಭಿಚಾರಿ ಹೇತು. ಒಮ್ಮೆ ಇಲ್ಲಿದ್ದರೆ ಇನ್ನೊಮ್ಮೆ ಅಲ್ಲಿರುವುದು. ಬಿಚ್ಚಲಾಗದುದು ಎಂಜಿನ್ನಿನ ಬ್ಲಾಕಿನ ಎರಕ. ಅದರಲ್ಲಿ ಡೈನಮೋ ಕೂರಿಸುವ ಎಡೆಯು ಹುಟ್ಟಿನಿಂದಲೇ ಇದ್ದಿತು. ಅಂದಮೇಲೆ ಎಂಜಿನ್ನು ೧೯೧೯ಕ್ಕಿಂತ ಹಿಂದಿನದಲ್ಲ. ಚಕ್ರದ ಬಳೆಗಳೂ ಅದನ್ನೇ ಹೇಳಿದುವು. ಪೆಟ್ರೋಲಿನ ಟಾಂಕಿಯು ಮುಂದಿನ ಆಸನದ ಕೆಳಗೆ ಇದ್ದುದರಿಂದ ೧೯೨೬ರ ಹೊಸ ಮಾದರಿಯೂ ಅಲ್ಲ. ಹೀಗೆ ಕಾರು ೧೯೧೯ಕ್ಕೂ ೧೯೨೫ಕ್ಕೂ ನಡುವೆ ಸಿಕ್ಕಿಬಿದ್ದಿತು.

ಇನ್ನು ಮುತ್ತಜ್ಜಿಯ ಮದುವೆ. “ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಹುಡುಕಪ್ಪಾ, ಕಾಗದವು ಕಬ್ಬಿಣಕ್ಕಿಂತ ಹೆಚ್ಚು ಮಾತನಾಡೀತು” ಎಂದೆವು. ಹದಿನೈದು ದಿನಗಳ ಮೇಲೆ ಎರಡು ಬಹಿಗಳನ್ನು ತಂದನು. ಆನಂದ ಸಂವತ್ಸರದ ಬಹಿಯಲ್ಲಿ, ಮದುವೆಯ ವೆಚ್ಚದ ಕೆಳಗೆ, ‘ಬಾಡಿಗೆ ಮೋಟಾರಿಗೆ’ ಎಂದು ಖರ್ಚು ಬಿದ್ದಿದ್ದಿತು. ರಕ್ತಾಕ್ಷಿ ಸಂವತ್ಸರದ ಆಶ್ವಯುಜದಲ್ಲಿ, ‘ಫೋರ್ಡ್ ಮೋಟಾರು ಖರೀದಿ ಬಾಬ್ತು’ ಎಂದು ಬೇರೆಯಾಗಿಯೇ ಬರೆದಿದ್ದಿತು. ರಕ್ತಾಕ್ಷಿಯ ಆಶ್ವಯುಜವೆಂದರೆ ೧೯೨೪ರ ಶರತ್ಕಾಲ. ೧೯೩೮ ಎಂಬುದು, ಕೊಂಡ ಯಜಮಾನರು ತೀರಿಕೊಂಡ ಮೇಲೆ ಮಗನ ಹೆಸರಿಗೆ ಪುಸ್ತಕವನ್ನು ಮಾಡಿಸಿದ ವರ್ಷ. ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತುವು. ಅಜ್ಜಿಯ ಮಾತೂ ಸುಳ್ಳಾಗಲಿಲ್ಲ; ದಿಬ್ಬಣವು ಮೋಟಾರಿನಲ್ಲಿಯೇ ಬಂದಿದ್ದಿತು, ಆದರೆ ಆ ಮೋಟಾರು ಬೇರೆ. ಎರಡು ಕಾರುಗಳ ನೆನಪು ಮನೆಯ ಮಾತಿನಲ್ಲಿ ಬೆಸೆದು ಒಂದಾಗಿದ್ದಿತು.

ತಮ್ಮನು ೧೯೧೪ ಎಂದು ಬರೆದುಕೊಡಲಿಲ್ಲ. ಕೊಳ್ಳುವವನು ಮತ್ತೆ ಬರಲಿಲ್ಲ. ಅಣ್ಣನು ಕೆಲವು ತಿಂಗಳು ಮಾತು ಬಿಟ್ಟಿದ್ದನಂತೆ. ಅದರಲ್ಲಿ ಆಶ್ಚರ್ಯವಿಲ್ಲ, ಕೈಗೆ ಬಂದ ಹಣ ಹೋದರೆ ಯಾರಿಗಾದರೂ ಬೇಸರವೇ. ಆದರೆ ಸುಳ್ಳು ಇಸವಿಗೆ ರುಜು ಹಾಕಿದ್ದರೆ ನಾಳೆ ಬೇರೊಬ್ಬ ಪರೀಕ್ಷಕನು ಅದೇ ‘ಸಿ’ ಅಕ್ಷರವನ್ನು ಓದುತ್ತಿದ್ದನು. ಆಗ ಹೋಗುತ್ತಿದ್ದುದು ಹಣ ಮಾತ್ರವಲ್ಲ, ಮನೆತನದ ಮಾತು. ಪಾಲಿನ ಪತ್ರದಲ್ಲಿ ‘೧೯೨೪ರಲ್ಲಿ ಕೊಂಡ ಫೋರ್ಡ್ ಮೋಟಾರು’ ಎಂದು ಬರೆಸಿ ಇಬ್ಬರೂ ರುಜು ಹಾಕಿದರೆಂದು ಅನಂತರ ತಿಳಿಯಿತು.

ಎಲ್ಲರ ಮನೆಯಲ್ಲಿಯೂ ಫೋರ್ಡ್ ಕಾರೇ ಇರುವುದಿಲ್ಲವಷ್ಟೆ. ಬೇರೆ ಕಾರುಗಳ ವಿಷಯದಲ್ಲಿ ಎರಡು ಮಾತು. ಇಂಗ್ಲೆಂಡಿನ ಮಾರಿಸ್, ಆಸ್ಟಿನ್, ಎಂ.ಜಿ. ಮೊದಲಾದ ಕಾರ್ಖಾನೆಗಳ ಹಳೆಯ ಕಡತಗಳು ಅನೇಕವು ಗೇಡನ್ ಎಂಬಲ್ಲಿಯ ಬ್ರಿಟಿಷ್ ಮೋಟಾರು ವಸ್ತುಸಂಗ್ರಹಾಲಯದಲ್ಲಿವೆ. ಚೌಕಟ್ಟಿನ ನಂಬರನ್ನು ತಿಳಿಸಿ ಶುಲ್ಕ ತೆತ್ತರೆ, ಕಡತ ಉಳಿದಿರುವ ಕಾರುಗಳಿಗೆ, ತಯಾರಾದ ದಿನವನ್ನು ಕಾಣಿಸಿ ಪ್ರಮಾಣಪತ್ರವನ್ನು ಕೊಡುವರು. ಆ ನಾಡಿನ ಕಾರುಗಳಲ್ಲಿ ಲ್ಯೂಕಾಸ್ ಕಂಪನಿಯ ಡೈನಮೋ, ಸ್ಟಾರ್ಟರು ಮುಂತಾದ ವಿದ್ಯುತ್ ಸಾಮಾನುಗಳ ಮೇಲೆ ತಿಂಗಳನ್ನೂ ವರ್ಷವನ್ನೂ ಒತ್ತಿರುವುದುಂಟು. ಒಂದೊಂದೇ ಸಾಮಾನನ್ನು ನಂಬಲಾಗದು. ನಾಲ್ಕೈದರ ತಾರೀಖುಗಳು ಒಂದೇ ಋತುವಿಗೆ ಬಂದರೆ ಅವು ಕಾರಿನೊಡನೆ ಹುಟ್ಟಿದವೆಂದು ತಿಳಿಯಬಹುದು.

ನಮ್ಮ ಅಂಬಾಸಿಡರನ್ನು ತೆಗೆದುಕೊಳ್ಳಿರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರು ೨೦೧೪ರವರೆಗೆ, ಅರ್ಧಶತಮಾನಕ್ಕೂ ಮಿಕ್ಕ ಕಾಲ, ಬಹುಮಟ್ಟಿಗೆ ಒಂದೇ ಮುಖವನ್ನು ಹೊತ್ತಿದ್ದಿತು. ಮುಂದಿನ ಜಾಲರಿಯನ್ನೂ ಗುಂಡಿಗಳನ್ನೂ ಬದಲಾಯಿಸಿ ಹಳೆಯದನ್ನು ಹೊಸದಾಗಿಸುವುದೂ ಹೊಸದನ್ನು ಹಳೆಯದಾಗಿಸುವುದೂ ಸುಲಭ. ಇಲ್ಲಿ ರೂಪಕ್ಕಿಂತ ನಂಬರಿನ ತಗಡಿಗೂ ಚೌಕಟ್ಟಿನ ಮೇಲೆ ಒತ್ತಿದ ಅಂಕಿಗಳಿಗೂ ಹೆಚ್ಚು ಬೆಲೆ ಕೊಡಬೇಕು. ತಗಡೂ ಸ್ಕ್ರೂಗಳಿಂದ ಕೂಡಿಸಿದ ವಸ್ತುವೇ ಆದುದರಿಂದ, ಅದರಲ್ಲಿಯ ಅಂಕಿಯು ಲೋಹದಲ್ಲಿ ಒತ್ತಿದುದಕ್ಕೆ ಹೊಂದುವುದೇ ಎಂದು ನೋಡತಕ್ಕದ್ದು.

ಈಚಿನ ಕಾರುಗಳಿಗಾದರೆ ಹದಿನೇಳು ಅಕ್ಷರಗಳ ಗುರುತೊಂದು ಬಂದಿದೆ. ಅಮೆರಿಕದಲ್ಲಿ ೧೯೮೧ರ ಮಾದರಿಯಿಂದ ಅದು ಕಡ್ಡಾಯವಾಯಿತು. ಅಲ್ಲಿಯ ಪದ್ಧತಿಯಲ್ಲಿ ಹತ್ತನೆಯ ಅಕ್ಷರವು ಮಾದರಿಯ ವರ್ಷವನ್ನು ಹೇಳುವುದು. ‘ಎ’ ಎಂದರೆ ೧೯೮೦, ‘ಬಿ’ ಎಂದರೆ ೧೯೮೧. ಹೀಗೆ ಅಕ್ಷರಗಳೂ ಅಂಕಿಗಳೂ ಮುಗಿದು ೨೦೧೦ಕ್ಕೆ ಮತ್ತೆ ‘ಎ’ ಬರುವುದು. ಪ್ರಭವಾದಿ ಸಂವತ್ಸರಗಳ ಅರವತ್ತರ ಚಕ್ರವನ್ನು ಬಲ್ಲ ನಮಗೆ ಈ ಮೂವತ್ತರ ಚಕ್ರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆನಂದವೆಂದರೆ ೧೯೧೪ ಆಗಬಹುದು, ೧೯೭೪ ಆಗಬಹುದು. ಯಾವ ಸುತ್ತಿನದೆಂಬುದನ್ನು ಬೇರೆಯ ಸಾಕ್ಷಿಯಿಂದ ತಿಳಿಯಬೇಕು. ಯಂತ್ರದ ಅಕ್ಷರವೂ ಹಾಗೆಯೇ.

ಮನೆಯಲ್ಲಿ ಹಳೆಯ ವಾಹನವನ್ನು ಇಟ್ಟುಕೊಂಡಿರುವವರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಏನನ್ನೂ ಉಜ್ಜಿಸಬೇಡಿರಿ, ಬಣ್ಣ ಬಳಿಸಬೇಡಿರಿ. ಹೊಸ ಬಣ್ಣದ ಕೆಳಗೆ ಹಳೆಯ ಬಣ್ಣವೂ, ಅದರ ಕೆಳಗೆ ಅಂಕಿಗಳೂ ಅಡಗಿಹೋಗುವುವು. ಬೆಳಗಿನ ಓರೆಯ ಬೆಳಕಿನಲ್ಲಿ ಎಂಜಿನ್ನು, ಚೌಕಟ್ಟು, ತಗಡು ಇವುಗಳ ಮೇಲಿರುವ ಪ್ರತಿಯೊಂದು ಅಕ್ಷರವನ್ನೂ, ಅರ್ಥವಾಗಲಿ ಆಗದಿರಲಿ, ಇದ್ದಂತೆಯೇ ಬರೆದುಕೊಳ್ಳಿರಿ, ಚಿತ್ರವನ್ನೂ ತೆಗೆಯಿರಿ. ಆಮೇಲೆ ಬೀರುವಿನ ತಳದಲ್ಲಿರುವ ರಸೀದಿ, ವಿಮೆಯ ಕಾಗದ, ತೆರಿಗೆಯ ಚೀಟಿ, ಲೆಕ್ಕದ ಬಹಿ, ಮದುವೆಯ ಭಾವಚಿತ್ರ ಇವನ್ನು ಒಂದೆಡೆ ಕೂಡಿಡಿರಿ. ಭಾವಚಿತ್ರದಲ್ಲಿ ಕಾರಿನ ಮುಂದೆ ನಿಂತವರ ಮುಖವನ್ನು ನೋಡುವಂತೆಯೇ ಹಿಂದಿರುವ ದೀಪವನ್ನೂ ಚಕ್ರವನ್ನೂ ನೋಡಿರಿ. ಮನೆಯಲ್ಲಿ ವೃದ್ಧರಿದ್ದರೆ ‘ಯಾವ ಇಸವಿ?’ ಎಂದು ಕೇಳಬೇಡಿರಿ. ‘ಆಗ ಯಾರು ಹುಟ್ಟಿದ್ದರು, ಯಾವ ಹೊಳೆಗೆ ಸೇತುವೆಯಾಗಿರಲಿಲ್ಲ, ಡ್ರೈವರು ಯಾರಿದ್ದರು?’ ಎಂದು ಕೇಳಿರಿ. ಇಸವಿಯನ್ನು ಮರೆತವರೂ ಸಂಗತಿಗಳನ್ನು ಮರೆಯುವುದಿಲ್ಲ. ಸಾಧ್ಯವಾದರೆ ಧರ್ಮಸ್ಥಳದಲ್ಲಿರುವಂತಹ ಹಳೆಯ ಕಾರುಗಳ ಸಂಗ್ರಹಕ್ಕೆ ಹೋಗಿ ನಿಮ್ಮ ಗಾಡಿಯ ಜಾತಿಯದನ್ನು ಕಣ್ಣಾರೆ ಹೋಲಿಸಿರಿ.

ಇಷ್ಟಾದ ಮೇಲೆ ಸಾಕ್ಷಿಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದು, ಪ್ರತಿಯೊಂದರ ಮುಂದೆಯೂ ‘ಇದು ಯಾವುದರ ತಾರೀಖು?’ ಎಂಬ ಪ್ರಶ್ನೆಗೆ ಉತ್ತರವನ್ನು ಬರೆಯಿರಿ. ಎರಕದ ತಾರೀಖು ಎರಕದ್ದು. ಪುಸ್ತಕದ ತಾರೀಖು ಪುಸ್ತಕದ್ದು. ನೆನಪಿನ ತಾರೀಖು ನೆನೆದವರದು. ಬಿಚ್ಚಬಹುದ್ದಕ್ಕಿಂತ ಬಿಚ್ಚಲಾಗದ್ದಕ್ಕೆ ಹೆಚ್ಚು ತೂಕ ಕೊಡಿರಿ. ಲಾಭವಿರುವವನ ಮಾತಿಗಿಂತ ಲಾಭವಿಲ್ಲದವನ ಮಾತಿಗೆ ಹೆಚ್ಚು ಕಿವಿ ಕೊಡಿರಿ. ಅಡಕೆಯ ಲೆಕ್ಕದ ನಡುವೆ ಮೋಟಾರಿನ ಖರ್ಚನ್ನು ಬರೆದಿಟ್ಟ ಗುಮಾಸ್ತನಿಗೆ ನೂರು ವರ್ಷಗಳ ಮೇಲಿನ ಬೆಲೆಯ ಆಸೆ ಇದ್ದಿರಲಾರದು. ಅವನೇ ನಿಜವಾದ ಆಪ್ತನು.

ಕಡೆಗೂ ವರ್ಷವು ನಿಶ್ಚಯವಾಗದಿದ್ದರೆ ‘ಸುಮಾರು’ ಎಂದು ಬರೆಯಲು ನಾಚಬೇಕಾದುದಿಲ್ಲ. ಹಲ್ಮಿಡಿಯ ಶಾಸನದ ಮುಂದೆ ‘ಸುಮಾರು’ ಎಂಬ ಮಾತಿರುವುದರಿಂದ ಅದರ ಗೌರವವೇನೂ ಕುಂದಲಿಲ್ಲ. ಇಲ್ಲದ ಪ್ರಾಚೀನತೆಯನ್ನು ಹೊರಿಸಿದರೆ ವಸ್ತುವಿಗೆ ಮಾನ ಬರುವುದಿಲ್ಲ. ಅದರ ನಿಜವಾದ ಚರಿತ್ರೆಯು ಅಳಿಸಿಹೋಗುವುದು, ಅಷ್ಟೆ. ಹಿರಿಯರು ಬೆವರು ಸುರಿಸಿ ಕೊಂಡ ವರ್ಷವನ್ನೇ ಅವರ ಗಾಡಿಗೆ ಉಳಿಸಿಕೊಡುವುದು ಮಕ್ಕಳ ಕರ್ತವ್ಯವೆಂದು ನಾವು ತಿಳಿದಿದ್ದೇವೆ.